ಬರಿಗೋಡೆಯ ಬೆಳಕು

ನಮ್ಮ ಊರಿನ ಮನೆಗಳಿಗೆ ಕಿಟಕಿ ಇಲ್ಲ. ಗೋಡೆಗೆ ಗೋಡೆ ಆನಿಸಿ ಕಟ್ಟಿದ ಮನೆಗಳು, ಬೀದಿಗೊಂದು ಬಾಗಿಲು, ಹಿತ್ತಲಿಗೊಂದು. ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ ಬಂದರೆ ಬೀದಿಯ ಬಿಸಿಲು ಅಲ್ಲೇ ನಿಂತುಬಿಡುತ್ತದೆ. ಒಳಗೆ ಬೆಳಕು ಕೊಡುವುದು ಪಡಸಾಲೆಯ ಗೋಡೆಗೆ ತೂಗುಹಾಕಿದ ಮನೆಚಿತ್ರ. ಅದರ ಎಡಗಡೆಗೆ ಒಂದು ಕಿಟಕಿ ಬರೆದಿರುತ್ತಾರೆ. ಹೊತ್ತು ಹುಟ್ಟುವಾಗ ಆ ಕಿಟಕಿಯಿಂದ ಬೆಳಕು ಹೊರಟು, ಚೌಕಟ್ಟು ದಾಟಿ ಮನೆಗೆಲ್ಲ ಹರಡುತ್ತದೆ. ರಾತ್ರಿ ಊಟ ಮುಗಿದು ತಾಟು ಎತ್ತುವ ಹೊತ್ತಿಗೆ ಆರುತ್ತದೆ. ದೀಪ ಹಚ್ಚಬಾರದೇ ಎಂದು ಪರಊರಿನ ನೆಂಟರು ಕೇಳುತ್ತಾರೆ. ಹಚ್ಚುತ್ತೇವಲ್ಲ, ದೇವರ ಮುಂದೆ. ಆ ಬೆಳಕು ದೇವರ ಮುಖ ಬಿಟ್ಟು ಈಚೆಗೆ ಬರುವುದಿಲ್ಲ, ಒಲೆಯ ಬೆಂಕಿ ಗಡಿಗೆಯ ತಳ ಬಿಟ್ಟು ಮೇಲಕ್ಕೆ ತೋರುವುದಿಲ್ಲ. ನಮಗೆ ಅದು ಒಗ್ಗಿಹೋಗಿದೆ.

ಈ ಚಿತ್ರಗಳೆಲ್ಲ ಒಂದೇ ತಾಯಿಯ ಮಕ್ಕಳು. ತಾಯಿಚಿತ್ರ ಊರ ಚಾವಡಿಯಲ್ಲಿದೆ. ಬಹಳ ಹಿಂದೆ ಅರಳೆ ಕೊಳ್ಳಲು ಬಂದ ಡಚ್ಚರ ವ್ಯಾಪಾರಿಯೊಬ್ಬ ಇಲ್ಲಿ ಜ್ವರ ಹಿಡಿದು ಮಲಗಿ, ಮೂರು ತಿಂಗಳು ಊರವರ ಕೈಯ ಗಂಜಿ ಕುಡಿದು ಎದ್ದು, ಹೋಗುವಾಗ ತನ್ನ ದೇಶದ ಆ ಚಿತ್ರವನ್ನು ಕೊಟ್ಟುಹೋದನಂತೆ. ಅದನ್ನು ನೋಡಿ ನೋಡಿಯೇ ನಮ್ಮ ಚಿತ್ರಗಾರರು ಕಲಿತರು. ಅದರಲ್ಲಿ ಬೆಳಕು ಎಡದಿಂದ ಬರುವುದರಿಂದ ನಮ್ಮ ಎಲ್ಲ ಮನೆಗಳಲ್ಲೂ ಎಡದಿಂದಲೇ. ಹೀಗಾಗಿ ನಮ್ಮೂರ ಹೆಂಗಸರ ಬಲಗೆನ್ನೆಯ ಅರಿಶಿನ ಯಾವತ್ತೂ ಸರಿಯಾಗಿರುವುದಿಲ್ಲ ಎಂದು ಪಕ್ಕದೂರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ.

ಚಿತ್ರದಲ್ಲಿ ಬರೆಸಿದ್ದೇ ಆ ಮನೆಯ ಆಸ್ತಿ. ತಿಜೋರಿಯಲ್ಲಿ ಎಷ್ಟೇ ಇರಲಿ, ಚಿತ್ರದಲ್ಲಿ ಇಲ್ಲದ್ದನ್ನು ಊರು ಗಣನೆಗೆ ತರುವುದಿಲ್ಲ. ಆದರೆ ಬರೆದ ಒಂದೊಂದು ವಸ್ತುವೂ ಒಂದಿಷ್ಟು ಬೆಳಕು ಕುಡಿಯುತ್ತದೆ. ಬೆಳ್ಳಿ ತಂಬಿಗೆ ಬರೆಸಿದರೆ ಪಡಸಾಲೆಯ ಒಂದು ಮೂಲೆ ಮಬ್ಬಾಗುತ್ತದೆ. ಬಂಗಾರದ ಡಾಬು ಬರೆಸಿದರೆ ಅಡುಗೆಮನೆಯ ಬಾಗಿಲು ಕಾಣುವುದಿಲ್ಲ. ಹಾಗಾಗಿ ಸಿರಿವಂತರ ಮನೆ ಕತ್ತಲು, ಬಡವರ ಮನೆ ಬೆಳಕು. ಹೆಣ್ಣು ಕೊಡುವವರು ಬಂದರೆ ಮೊದಲು ಕೇಳುವುದು, ಎಷ್ಟು ಹೆಜ್ಜೆಗೆ ಎಡವುತ್ತೀರಿ ಎಂದು. ಬುಟ್ಟಿ ಹೆಣೆಯುವ ನೆರೆಮನೆಯ ಸಕ್ರವ್ವನ ಚಿತ್ರದಲ್ಲಿ ಇರುವುದು ಒಂದು ಮಣ್ಣಿನ ಗಡಿಗೆ, ಹಿಂದೆ ಗೋಡೆ. ಅವಳ ಮನೆಯ ಬೆಳಕಿಗೆ ಅಕ್ಕಿಯೊಳಗಿನ ನುಸಿಯೂ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಓಣಿಯ ಸಾಹುಕಾರರ ಹೆಂಡಂದಿರೆಲ್ಲ ಮೊರ ಹಿಡಿದು ಅಲ್ಲಿಗೇ ಹೋಗುತ್ತಿದ್ದೆವು, ಹೇನು ನೋಡುವುದಕ್ಕೂ ಅಲ್ಲಿಗೇ. ಪಾಪ, ಮಗನಿಗೆ ಹೆಣ್ಣು ನೋಡಲು ಬಂದವರೆದುರು ಮಾತ್ರ ಅವಳು ಚಿತ್ರಕ್ಕೆ ಕಂಬಳಿ ಹೊದಿಸುತ್ತಿದ್ದಳು.

ನಮ್ಮದು ಊರಿಗೇ ಕತ್ತಲೆಯ ಮನೆ. ನನ್ನ ಮಾವ ಗುರುಶಾಂತಪ್ಪನವರದು ಅರಳೆ ಅಡತಿ ವ್ಯಾಪಾರ, ಅವರ ಚಿತ್ರದಲ್ಲಿ ನಲವತ್ತೊಂದು ವಸ್ತು. ನಾನು ಸೊಸೆಯಾಗಿ ಬಂದ ದಿನ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಕಾಲಿಟ್ಟವಳು ಆರತಿ ಹಿಡಿದು ನಿಂತಿದ್ದ ಅತ್ತೆಗೇ ಢಿಕ್ಕಿ ಹೊಡೆದೆ. ಹಿಂದೆ ಬಂದಿದ್ದ ನಮ್ಮ ತವರಿನವರಿಗೆ ಖುಷಿಯೋ ಖುಷಿ. "ಕಣ್ಣಿಗೆ ಕಣ್ಣು ಕಾಣದ ಮನಿ ಸಿಕ್ಕಿತು ನಮ್ಮ ಬಸಲಿಂಗಿಗೆ," ಎಂದು ನನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಬೀಗಿದೆ. ಸುಳ್ಳು ಯಾಕೆ ಹೇಳಲಿ, ಮೊದಲ ನಾಲ್ಕು ವರ್ಷ ಆ ಕತ್ತಲೆಯನ್ನು ಒಡವೆಯ ಹಾಗೆ ಮೈಮೇಲೆ ಹಾಕಿಕೊಂಡೇ ತಿರುಗಿದೆ.

ಆಮೇಲೆ ಕಸ್ತೂರಿ ಹುಟ್ಟಿದಳು. ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಆದರೆ ಅವಳ ಕೈಗಳಿವೆಯಲ್ಲ, ಅವು ಹತ್ತು ಬಾಯಿಗೆ ಸಮ. ಅವಳೂ ನಾನೂ ಸೇರಿ ಒಂದೊಂದಾಗಿ ಮಾತು ಕಟ್ಟಿಕೊಂಡೆವು: ನೀರಿಗೊಂದು, ಹಸಿವಿಗೊಂದು, ಅಜ್ಜನಿಗೊಂದು, ಸಿಟ್ಟಿಗೆ ಮೂರು. ಬೀದಿಯಲ್ಲಿ, ಸಕ್ರವ್ವನ ಪಡಸಾಲೆಯಲ್ಲಿ ಅವಳ ಮಾತು ನಿಲ್ಲುತ್ತಲೇ ಇರಲಿಲ್ಲ. ನಮ್ಮ ಹೊಸ್ತಿಲು ದಾಟಿದೊಡನೆ ಎರಡೂ ಕೈ ಕೆಳಗೆ ಬೀಳುತ್ತಿದ್ದವು. ಯಾರ ಮುಖವೂ ಕಾಣದ, ತನ್ನ ಕೈ ಯಾರಿಗೂ ಕಾಣದ ಮನೆಯಲ್ಲಿ ಮಗು ಏನು ತಾನೇ ಹೇಳಬೇಕು? ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದಳು. ಆರು ತುಂಬುವ ಹೊತ್ತಿಗೆ ಬೀದಿಯಲ್ಲೂ ಅವಳ ಮಾತು ಕಡಿಮೆಯಾಗತೊಡಗಿತು, ಕಲಿತಿದ್ದ ಕೆಲವನ್ನು ಮರೆತೂಬಿಟ್ಟಳು. ಆ ಕತ್ತಲೆ ನನಗೆ ಬೇಡವಾದದ್ದು ಆಗ.

ಮಾವನಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಹೊತ್ತು ಹುಟ್ಟುವ ಮೊದಲು ಅಂಗಡಿಗೆ ಹೋಗಿ ಹೊತ್ತು ಮುಳುಗಿದ ಮೇಲೆ ಬರುವವರು. ಬಂದು, ಪಡಸಾಲೆಯೊಳಗಿನ ಜಗುಲಿಯ ಮೇಲೆ ಕೂತು, ಕತ್ತಲಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಕಲ್ಲುಸಕ್ಕರೆ ಹಾಕುತ್ತಿದ್ದರು. "ಮಂಕು ಕೂಸು, ಪಾಪ. ಅಲುಗಾಡೂದಽ ಇಲ್ಲ," ಎಂದು ನಿಟ್ಟುಸಿರು ಬಿಡುತ್ತಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಅವಳ ಭಾರ ಮಾತ್ರ.

ಅತ್ತೆ ಶಿವಗಂಗವ್ವ ತೀರಿಕೊಂಡು ವರ್ಷ ತುಂಬಿದಾಗ ಬೀಗದ ಕೈ ಗೊಂಚಲು ನನ್ನ ಸೊಂಟಕ್ಕೆ ಬಂತು. ಕೀಲಿಕೈ ಹಿಡಿಯುವ ಕೈ ಬದಲಾದರೆ ಹಳೆಯ ಚಿತ್ರ ಇಳಿಸಿ ಹೊಸದು ಬರೆಸುವುದು ಊರಿನ ಪದ್ಧತಿ. ಮೊದಲ ವಸ್ತುವನ್ನು ಕೀಲಿಕೈ ಹಿಡಿದವಳು ಹೇಳಬೇಕು, ಉಳಿದದ್ದನ್ನು ಮನೆಯ ಹಿರಿಯರು. ಮಾವ ಅರವತ್ತು ವಸ್ತುಗಳ ಪಟ್ಟಿ ತಯಾರು ಮಾಡಿದರು. ನನ್ನ ಗಂಡ ಅಪ್ಪನ ಮಾತಿಗೆ ಹೂಂ ಎನ್ನುವುದನ್ನು ಬಿಟ್ಟು ಬೇರೆ ಶಬ್ದ ಕಲಿತವನಲ್ಲ. ಅರವತ್ತು ವಸ್ತು ಎಂದರೆ ಹಗಲಲ್ಲೂ ಗೋಡೆ ತಡವಿಕೊಂಡು ನಡೆಯಬೇಕು. ಒಮ್ಮೆ ಬರೆಸಿದರೆ ನಾನು ಸಾಯುವವರೆಗೂ ಅದೇ.

ಬರೆಯಲು ಬಂದವಳು ತುಳಜವ್ವ. ಎಪ್ಪತ್ತು ದಾಟಿದ, ಕಡ್ಡಿಯಂಥ ಮುದುಕಿ, ದವಡೆಯಲ್ಲಿ ಸದಾ ಎಲೆ ಅಡಿಕೆ. ಅಂಥ ಕೈ ನಮ್ಮೂರಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುತ್ತದೆಂಬ ನಂಬಿಕೆ ನನಗಿಲ್ಲ. ಮೊದಲ ದಿನ ಅವಳು ಕುಂಚ ಮುಟ್ಟಲೇ ಇಲ್ಲ, ನಮ್ಮ ಪಡಸಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತಳು. ಏನು ಬೇಕಾಗಿತ್ತು ಎಂದು ಕೇಳಿದರೆ, "ಕತ್ತಲಿ ನೋಡಾಕತ್ತೀನಿ, ನೀ ನಿನ್ನ ಕೆಲಸ ನೋಡು," ಎಂದಳು. ಮಧ್ಯಾಹ್ನ ಕಸ್ತೂರಿ ತಡವಿಕೊಂಡು ಹೋಗಿ ಅವಳ ಪಕ್ಕ ಕೂತಳಂತೆ. ಸಂಜೆ ಎದ್ದಾಗ ಮುದುಕಿ ನನ್ನ ರಟ್ಟೆ ಹಿಡಿದು ಕೇಳಿದಳು. "ಈ ಕೂಸಿನ ಕೈ ಯಾಕವಾ ಹಿಂಗ ಸತ್ತಂಗ ಅದಾವು?"

ನಾನು ಎಲ್ಲ ಹೇಳಿದೆ. ಅತ್ತೂಬಿಟ್ಟೆ. ಮುದುಕಿ ಎಲೆ ಉಗುಳಿ ಬಂದು, "ನಾಳೆ ಚಾವಡಿಗೆ ಬಾ," ಎಂದಳು.

ಹುಟ್ಟಿದಾಗಿನಿಂದ ನೋಡಿದ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಮಾರನೆಯ ದಿನ. ಸಿರಿವಂತರ ಕೋಣೆ. ಮೇಜಿನ ಮೇಲೆ ದಪ್ಪ ರತ್ನಗಂಬಳಿ, ಅದರ ಮೇಲೆ ಬೆಳ್ಳಿಯ ಹೂಜಿ, ಅರ್ಧ ಸುಲಿದ ನಿಂಬೆಹಣ್ಣು. ಸಿಪ್ಪೆ ಸುರುಳಿಯಾಗಿ ಮೇಜಿನ ಅಂಚಿನಿಂದ ಕೆಳಗೆ ಇಳಿದಿದೆ. ಆಗತಾನೇ ಆರಿದ ಮೇಣದ ಬತ್ತಿಯಿಂದ ಎಳೆ ಹೊಗೆ. ನೆಲದ ಮೇಲೆ ಬಿದ್ದ ಕೀಲಿಕೈ ಗೊಂಚಲು. ಎಲ್ಲಕ್ಕೂ ಬೆನ್ನು ಹಾಕಿ ಒಬ್ಬ ಹೆಂಗಸು ಕಿಟಕಿಯ ಕಡೆ ನಿಂತಿದ್ದಾಳೆ.

"ನಿಂಬಿಹಣ್ಣು ಯಾಕ ಬರದಾನ, ಹೇಳು?" ಎಂದಳು ತುಳಜವ್ವ.

"ಅವರ ದೇಶದಾಗ ನಿಂಬಿಹಣ್ಣು ದುಬಾರಿ ಇರಬೇಕ್ರಿ."

"ಅದೂ ಖರೆ. ನೋಡಾಕ ಬಂಗಾರದಂಗ ಐತಿ, ಬಾಯಾಗ ಹಾಕ್ಕೊಂಡ್ರ ಹುಳಿ. ಸಿರಿ ಅಂದ್ರ ಹಿಂಗ ಅಂತ ಹೇಳಾಕತ್ತಾನ ಆ ಪುಣ್ಯಾತ್ಮ. ಬತ್ತಿ ಯಾಕ ಆರೇತಿ? ನಾವೂ ಒಂದಿನ ಆರತೀವಿ, ಅದಕ. ಕೀಲಿಕೈ ಕೆಳಗ ಬಿದ್ದಾವು, ಆಕಿ ಬಗ್ಗಿ ತಗೊಳ್ಳವಲ್ಲಳು. ಇಷ್ಟು ನಮ್ಮಜ್ಜನೂ ಹೇಳತಿದ್ದ, ಯಾರು ಬೇಕಾದ್ರೂ ಹೇಳತಾರ. ಈಗ ನೀ ಹೇಳು, ಚಿತ್ರದಾಗ ಎಲ್ಲಕ್ಕಿಂತ ದೊಡ್ಡದು ಯಾವುದೈತಿ?"

ನಾನು ಹೂಜಿ ಎಂದೆ, ಹೆಂಗಸು ಎಂದೆ. ಮುದುಕಿ ನಕ್ಕಳು.

"ಗ್ವಾಡಿ ಅವಾ, ಗ್ವಾಡಿ! ಅರ್ಧ ಚಿತ್ರ ಬರೀ ಗ್ವಾಡಿ. ಅದರಾಗ ಏನೂ ಇಲ್ಲ. ಆದ್ರ ಹತ್ತರ ಹೋಗಿ ನೋಡು. ಕಿಡಕಿ ಕಡೆ ಬಿಳಿ, ಆಮ್ಯಾಲೆ ಹಾಲಿನ ಕೆನಿ ಬಣ್ಣ, ಆಮ್ಯಾಲೆ ಬೂದಿ, ಆ ಮೂಲ್ಯಾಗ ಒಂದೀಟು ನೀಲಿ. ಹೂಜಿ ಬರಿಯಾಕ ಅವಗ ಎರಡು ದಿನ ಹಿಡದಿರಬೇಕು. ಈ ಗ್ವಾಡಿಗೆ ಎರಡು ತಿಂಗಳು. ಅರವತ್ತು ವರ್ಷ ಆತು ನಾ ಇದನ್ನ ನೋಡಾಕತ್ತು, ಇಂಥಾ ಒಂದು ಗ್ವಾಡಿ ಬರಿ ಅಂತ ಯಾವ ಸಾವ್ಕಾರನೂ ನನಗ ಹೇಳಲಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ.

ಆ ಸಂಜೆ ಮಾವನೆದುರು ನಿಂತು ಬದುಕಿನಲ್ಲಿ ಮೊದಲ ಸಲ ಎದುರು ಮಾತಾಡಿದೆ. "ಮಾವಾರ, ಮೊದಲನೇ ವಸ್ತು ನಾ ಹೇಳಬೇಕಲ್ರಿ? ನನಗ ಏನೂ ಬ್ಯಾಡ್ರಿ. ಗ್ವಾಡಿ ಬರಸ್ರಿ. ಕೂಸಿಗೆ ನಮ್ಮ ಮುಖ ಕಾಣಬೇಕು."

ಮಾವ ಪಟ್ಟಿ ಮಡಚಿದ ಸಪ್ಪಳ ಕೇಳಿತು. ಆಮೇಲೆ, "ಬಸಲಿಂಗವ್ವ, ನಮ್ಮಪ್ಪ ಅರಳಿ ಮೂಟಿ ಹೊತ್ತು ಹೊತ್ತು ಗೂನಾದ. ಸಕ್ರವ್ವನ ಮನಿಗಿಂತ ಬೆಳಕಿತ್ತು ನಮ್ಮ ಮನ್ಯಾಗ. ಆ ಬೆಳಕಿನಾಗ ನಮ್ಮ ಹರಕು ಅರಿವಿ ಊರಿಗೆಲ್ಲಾ ಕಾಣತಿತ್ತು. ಈ ಕತ್ತಲಿ ನಾ ದುಡದದ್ದು," ಎಂದರು. ಅವರ ಮೇಲೆ ಸಿಟ್ಟು ಮಾಡಲು ಹೋಗಿದ್ದವಳಿಗೆ ಕನಿಕರ ಬಂತು, ಹಾಳಾದ್ದು.

ಜಗುಲಿಯ ಮೇಲಿದ್ದ ತುಳಜವ್ವ ನಡುವೆ ಬಾಯಿ ಹಾಕಿದಳು. "ಒಂದು ದಾರಿ ಐತ್ರಿ ಸಾವ್ಕಾರ್ರ. ಒಂದು ಗ್ವಾಡಿ, ಅದರ ಮುಂದ ಮುಚ್ಚಿದ ಸಂದೂಕ. ಒಳಗ ಏನೈತೋ ಯಾರು ಕಂಡಾರ?"

"ಖಾಲಿ ಸಂದೂಕ? ನನ್ನ ಮನ್ಯಾಗ?" ಮಾವ ಎದ್ದು ನಿಂತರು. "ಬರಿ ಸಂದೂಕ, ಬ್ಯಾಡ ಅನ್ನೂದಿಲ್ಲ. ಆದ್ರ ಅರವತ್ತೂ ಒಳಗ ಬರದು ಆಮ್ಯಾಲೆ ಮುಚ್ಚಳ ಬರಿ. ಮುಚ್ಚಿದ ಮ್ಯಾಲೆ ಅವು ಬೆಳಕು ಹೆಂಗ ಕುಡೀತಾವು? ಬಾಯಿ ಮುಚ್ಚಿದ ಗಡಿಗಿಗೆ ನೀರು ಹೋಗತೈತೇನು?"

"ಕುಡೀತಾವ್ರಿ," ಎಂದಳು ಮುದುಕಿ.

"ನೋಡೂಣು."

ಅವರ ದನಿಯಲ್ಲಿ ಎರಡೂ ಕಡೆ ಗೆದ್ದವರ ಸಂತೋಷ. ಸಿರಿಯನ್ನು ಬರೆದು ಮೇಲೆ ಮುಚ್ಚಳ ಬರೆಸಿ ಬೆಳಕಿಗೆ ಟೋಪಿ ಹಾಕಬಹುದು ಎಂಬ ಇಂಥ ಯೋಚನೆ ನಮ್ಮೂರಿನವರಿಗಲ್ಲದೆ ಇನ್ನಾರಿಗೂ ಹೊಳೆಯಲಾರದು.

ಚಿತ್ರ ಬರೆಯುವುದು ಹಿತ್ತಲಿನ ಬಿಸಿಲಲ್ಲಿ, ಹಲಗೆಯ ಮೇಲೆ. ಒಂದು ವಸ್ತುವೂ ಬಿಟ್ಟುಹೋಗಬಾರದೆಂದು ಮಾವ ಅಂಗಡಿಗೆ ರಜೆ ಹಾಕಿ ಎಂಟು ದಿನ ಅಲ್ಲೇ ಹೊರಸು ಹಾಕಿ ಕೂತರು. ಹುಣಸೆಬೀಜದ ಅಂಟು, ಸುದ್ದೆ ಮಣ್ಣು, ಚಿಪ್ಪು ಸುಟ್ಟ ಬಿಳಿ, ಅಳಿಲಿನ ಬಾಲದ ಕುಂಚ. ಇಷ್ಟರಲ್ಲೇ ಆ ಮುದುಕಿ ಮಾಡಿದ್ದನ್ನು ಏನೆಂದು ಹೇಳಲಿ! ಬೆಳ್ಳಿಗೆ ಅವಳು ಬೆಳ್ಳಿ ಬಣ್ಣ ಮುಟ್ಟಲೇ ಇಲ್ಲ. "ಬೆಳ್ಳಿಗೆ ತನ್ನ ಬಣ್ಣ ಇಲ್ಲವಾ, ಎದುರಿಗಿದ್ದದ್ದನ್ನ ಕದ್ದು ಉಟಗೊಳ್ಳತೈತಿ," ಎಂದು ಪಟ್ಟಿಯಲ್ಲಿದ್ದ ರತ್ನಗಂಬಳಿಯ ಕೆಂಪು, ಕಿಟಕಿಯ ಬಿಳಿ, ನೆಲದ ಕಂದು ಮೂರನ್ನೂ ಪಕ್ಕಪಕ್ಕ ಇಟ್ಟಳು. ತಂಬಿಗೆ ತಣ್ಣಗೆ ಹೊಳೆಯಿತು, ಮುಟ್ಟಿದರೆ ಬೆರಳಿನ ಗುರುತು ಬೀಳುತ್ತದೇನೋ ಅನ್ನಿಸಿತು. ಅತ್ತೆಯ ನತ್ತಿನ ಮುತ್ತಿಗೆ ಬೂದು ಬಣ್ಣದ ಒಂದು ಚುಕ್ಕಿ, ಅದರ ಮೇಲೆ ಬಿಳಿಯ ಇನ್ನೊಂದು ಸಣ್ಣ ಚುಕ್ಕಿ, ಅಷ್ಟೇ. ಮಾವ ಹೊರಸಿನಿಂದ ಇಳಿದು ಬಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಆಕಿ ನಕ್ಕಾಗ ಹಿಂಗ ಮಿಂಚತಿತ್ತು," ಎಂದರು.

ಅದಕ್ಕಿಂತ ದೊಡ್ಡದೊಂದು ಆ ಹಿತ್ತಲಲ್ಲಿ ನಡೆಯಿತು. ಕಸ್ತೂರಿ ಅಜ್ಜನ ಪಕ್ಕದಲ್ಲೇ ಬಿಸಿಲಲ್ಲಿ ಕೂರುತ್ತಿದ್ದಳು. ಎರಡನೆಯ ದಿನಕ್ಕೆ ಅವಳ ಕೈ ಚಿಗುರಿದವು. ಇದೇನು, ಅದೇನು, ಯಾಕೆ ಕೆಂಪು, ಮುದುಕಿಯ ಬಾಯಿ ಯಾಕೆ ಕೆಂಪು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ತಂಬಿಗೆಗೊಂದು ಮಾತು ಮಾಡಿದಳು, ನತ್ತಿಗೊಂದು, ಅಜ್ಜನ ಪಟ್ಟಿಗೊಂದು. ನಾನು ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಿದ್ದೆ. ಮಾವ ಮೊದಲು ನನ್ನನ್ನು ನೋಡುತ್ತಿದ್ದವರು ಬರಬರುತ್ತಾ ಅವಳ ಕೈಯನ್ನೇ ನೋಡತೊಡಗಿದರು. ಒಮ್ಮೆ ಅವಳು ಅಜ್ಜ ಗೊರಕೆ ಹೊಡೆಯುವುದನ್ನು ಅಣಕಿಸಿದಳು, ಕಿವಿ ಕೇಳದವಳಿಗೆ ಗೊರಕೆ ಹೇಗೆ ಗೊತ್ತು ಎಂದರೆ ತೊಡೆಯ ಮೇಲೆ ಕೂತಾಗ ಅದರುವ ಹೊಟ್ಟೆಯಿಂದಂತೆ. ಮಾವ ಬಿದ್ದು ಬಿದ್ದು ನಕ್ಕರು. "ಇಷ್ಟು ಶಾಣ್ಯಾ ಅದಾಳೇನು ಈಕಿ?" ಎಂದು ನನ್ನನ್ನು ಕೇಳಿದಾಗ ಅವರ ನಗು ನಿಂತಿತ್ತು.

ಎಂಟನೆಯ ದಿನ ಅರವತ್ತರ ಮೇಲೂ ಸಂದೂಕದ ಮುಚ್ಚಳ ಬಿತ್ತು, ಹಿಂದಿನ ಗೋಡೆ ಮುಗಿಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಅದನ್ನು ಪಡಸಾಲೆಗೆ ತಂದು ತೂಗುಹಾಕಿದರು. ಎಲ್ಲರೂ ಎದುರು ನಿಂತು ನೋಡಿದೆವು. ಚೌಕಟ್ಟಿನ ಅಂಚಿಗೆ ಬೆಳಕಿನ ಒಂದು ಎಳೆ ಬಂದಂತಾಗಿ ಅಲ್ಲೇ ಇಂಗಿಹೋಯಿತು. ಹಿಂದೆಂದೂ ಇರದಷ್ಟು ಕತ್ತಲು. ನಾನು ಕಂಬ ಹಿಡಿದು ಕೂತುಬಿಟ್ಟೆ. ತುಳಜವ್ವ ತನ್ನ ಗಂಟು ಕಟ್ಟಿಕೊಂಡು ಹೋದಳು.

ಅಂದು ಸಂಜೆ ಮಾವ ಎಂದಿನಂತೆ ಜಗುಲಿಯ ಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ಒಲೆಯ ಮುಂದಿದ್ದೆ. ಇದ್ದಕ್ಕಿದ್ದಂತೆ ಅವರು ಕರೆದರು, "ಬಸಲಿಂಗವ್ವ! ಬಾ ಇಲ್ಲಿ. ಲಗೂ ಬಾ."

ಏನಾಯಿತೋ ಎಂದು ಓಡಿದೆ.

"ಈಕಿ ಏನೋ ಹೇಳಾಕತ್ತಾಳ. ಕೈ ಆಡಸಾಕತ್ತಾಳ ನೋಡು, ನನ್ನ ಎದಿಗೆ ತಾಗಾಕತ್ತಾವು. ಏನಂತಾಳ?"

"ನನಗ ಕಾಣವಲ್ದ್ರಿ ಮಾವಾರ."

"ಏನಂತಾಳ ಹೇಳು!"

"ಕತ್ತಲಿ ಐತ್ರಿ. ನನಗೂ ಕಾಣೂದಿಲ್ಲ."

ಕತ್ತಲಲ್ಲಿ ಬಳೆಗಳ ಸಣ್ಣ ಸಪ್ಪಳ ಕೇಳುತ್ತಿತ್ತು, ಮಗು ಇನ್ನೂ ಮಾತಾಡುತ್ತಲೇ ಇತ್ತು. ಎಂಟು ದಿನದ ಬಿಸಿಲು ಅವಳಿಗೆ ಅಜ್ಜ ಕೇಳುತ್ತಾನೆಂಬ ಭರವಸೆ ಕೊಟ್ಟಿತ್ತು. ಸ್ವಲ್ಪ ಹೊತ್ತಿಗೆ ಆ ಸಪ್ಪಳ ನಿಂತಿತು. ಮಾವ ಅವಳನ್ನು ಎದೆಗವಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅತ್ತೆ ಹೋದಾಗಲೂ ಕೇಳಿರಲಿಲ್ಲ.

ಬೆಳಗಾಗುತ್ತಲೇ ಮಾವ ಹೇಳಿಕಳಿಸಿ, ತುಳಜವ್ವ ಬಂದಳು. ಹಲಗೆ ಮತ್ತೆ ಹಿತ್ತಲಿಗೆ ಬಂತು. ಈ ಸಲ ಬಾಗಿಲು ಮುಂದೆ ಮಾಡಿಕೊಂಡು ಮಾವ, ಮುದುಕಿ, ನಾನು ಮೂವರೇ. ಅವಳು ಒದ್ದೆ ಬಟ್ಟೆ, ಚೂರಿ ಹಿಡಿದು ಸಂದೂಕದ ಮುಚ್ಚಳ ಕೆರೆದು ತೆಗೆದಳು. ಒಳಗೆ ಅರವತ್ತೂ ಹೊಳೆಯುತ್ತಿದ್ದವು. ಮಾವ ಒಂದೊಂದರ ಹೆಸರು ಹೇಳಿದರು, ಅವಳು ಒಂದೊಂದನ್ನೇ ಒರೆಸಿದಳು. ತಂಬಿಗೆ. ಡಾಬು. ಪಂಚಪಾತ್ರೆ. ಆ ಕೆಲಸ ಅವಳ ಜೀವ ಎಷ್ಟು ಹಿಂಡಿರಬೇಕು! ಎಂಟು ದಿನದ ದುಡಿಮೆ, ಅವಳ ಬಾಳಿನಲ್ಲೇ ಚೆಂದದ ಕೆಲಸ. ಆದರೂ ಕೈ ನಿಲ್ಲಲಿಲ್ಲ.

ಕೊನೆಗೆ ಉಳಿದದ್ದು ನತ್ತು. ಮಾವ ಹೆಸರು ಹೇಳಲಿಲ್ಲ.

"ಇದೊಂದು ಇರಲೇನು?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮ ಮನಿ, ನಿಮ್ಮ ಚಿತ್ರ. ಇರಲಿ ಅಂದ್ರ ಇರಲಿ. ಒಂದು ಮೂಲಿ ಮಬ್ಬು ಆಕೈತಿ."

"ಯಾವ ಮೂಲಿ?"

"ಅದು ನನ್ನ ಕೈಯಾಗ ಇಲ್ರಿ. ಕೂಸು ಕುಂದ್ರೂ ಮೂಲಿನಽ ಆಗಬಹುದು."

ಮಾವ ಬಗ್ಗಿ ಆ ಎರಡು ಚುಕ್ಕಿಗಳನ್ನು ನೋಡಿದರು. ಆಮೇಲೆ ಒದ್ದೆ ಬಟ್ಟೆಯನ್ನು ಮುದುಕಿಯ ಕೈಯಿಂದ ಇಸಿದುಕೊಂಡು ತಾವೇ ಒರೆಸಿದರು. ತುಳಜವ್ವ ಖಾಲಿ ಸಂದೂಕದ ಮೇಲೆ ಮುಚ್ಚಳ ಬರೆದಳು. ಗೋಡೆಗೆ ಇನ್ನೊಂದು ದಿನ ಬೇಕು ಎಂದು ಹಟ ಹಿಡಿದು, ಮೂರು ದಿನ ತೆಗೆದುಕೊಂಡಳು.

ಅದನ್ನು ತೂಗುಹಾಕಿದ ಬೆಳಗ್ಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೊದಲು ಚಿತ್ರದೊಳಗಿನ ಬರಿಗೋಡೆ ಬೆಳಗಿತು, ಕಿಟಕಿಯ ಹತ್ತಿರ ಬಿಳಿ, ಆಮೇಲೆ ಕೆನೆ, ಆಮೇಲೆ ಬೂದಿ, ಮೂಲೆಯಲ್ಲಿ ನೀಲಿ. ಅಲ್ಲಿಂದ ಬೆಳಕು ಅವಸರವಿಲ್ಲದೆ ಇಳಿದು ಪಡಸಾಲೆ ದಾಟಿ ಅಡುಗೆಮನೆಯ ಮಸಿಯವರೆಗೂ ಹೋಯಿತು. ಎಷ್ಟೋ ವರ್ಷದ ಜೇಡರ ಬಲೆ ಕಂಡಿತು. ನನ್ನ ಗಂಡನ ಕಿವಿಯ ಹಿಂದೆ ಒಂದು ಮಚ್ಚೆ ಕಂಡಿತು. ಹತ್ತು ವರ್ಷದ ಸಂಸಾರ, ನನಗೆ ಗೊತ್ತೇ ಇರಲಿಲ್ಲ. ಕಸ್ತೂರಿ ನಡುಮನೆಯಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಸುತ್ತ ತಿರುಗಿದಳು.

ಊರು ಸುಮ್ಮನಿರುತ್ತದೆಯೇ? ಹೊತ್ತು ಏರುವುದರೊಳಗೆ ಜನ ತುಂಬಿದರು. ಮುಚ್ಚಿದ ಸಂದೂಕ, ಹಗಲಿನಂಥ ಬೆಳಕು! ಹಾಗಾದರೆ ಸಂದೂಕ ಖಾಲಿಯೋ, ಇಲ್ಲಾ ತುಳಜವ್ವ ಬೆಳಕು ಕುಡಿಯದ ಹಾಗೆ ಸಿರಿಯನ್ನು ಬೀಗ ಹಾಕಿ ಬರೆಯುವ ವಿದ್ಯೆ ಕಂಡುಹಿಡಿದಳೋ? ಎರಡನೆಯದನ್ನೇ ನಂಬಲು ಎಲ್ಲರಿಗೂ ಆಸೆ. "ಒಳಗ ಅರವತ್ತೂ ಅದಾವೇನ್ರಿ ಸಾವ್ಕಾರ್ರ?" ಎಂದು ಕೇಳುತ್ತಿದ್ದರು. ಮಾವ ಮೀಸೆಯ ಮೇಲೆ ಕೈಯಿಟ್ಟು, "ಅದಾವ, ಎಲ್ಲಾ ಅದಾವ," ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಮಜ್ಜಿಗೆ ಹಂಚುತ್ತಿದ್ದೆ. ಅಷ್ಟು ಮಾಡಿದ ಮನುಷ್ಯನಿಗೆ ಇದೊಂದು ಸುಳ್ಳು ಇರಲಿ ಬಿಡು ಎಂದುಕೊಂಡೆ.

ಆಗ ಕಸ್ತೂರಿ ಜನರ ನಡುವೆ ನುಗ್ಗಿ ಬಂದು ಅಜ್ಜನೆದುರು ನಿಂತಳು. ಚಿತ್ರದ ಕಡೆ ತೋರಿಸಿದಳು, ಎರಡು ಕೈಯನ್ನೂ ಮುಚ್ಚಳದ ಹಾಗೆ ಒಂದರ ಮೇಲೊಂದು ಇಟ್ಟಳು, ಮೇಲಿನದನ್ನು ಎತ್ತಿ ಹುಬ್ಬು ಹಾರಿಸಿದಳು. ಒಳಗೆ ಏನಿದೆ? ಮಾವ ಅಭ್ಯಾಸಕ್ಕೆ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಬೇಡವೆಂದು ತಲೆಯಾಡಿಸಿದರು, ಅವರಿಗೆ ಅರ್ಥವಾಗಿತ್ತು. ಪಡಸಾಲೆಯ ತುಂಬ ಊರು ನಿಂತು ನೋಡುತ್ತಿತ್ತು. ಮಗು ಕಾಯುತ್ತಿತ್ತು, ಕಣ್ಣು ಅಜ್ಜನ ಮುಖದ ಮೇಲೆ.

ಮಾವ ಮೀಸೆಯಿಂದ ಕೈ ತೆಗೆದರು. ಅವಳ ಎದುರು ನಿಧಾನವಾಗಿ ನೆಲದ ಮೇಲೆ ಕೂತು, ಎರಡೂ ಕೈಗಳನ್ನು ಬೆಳಕಿಗೆ ಚಾಚಿ, ಅಂಗೈ ಬಿಚ್ಚಿ, ಅತ್ತಿತ್ತ ಆಡಿಸಿ ತೋರಿಸಿದರು. ಏನೂ ಇಲ್ಲ. ಅವರು ಅವಳೊಡನೆ ಆಡಿದ ಮೊದಲ ಮಾತು ಅದು. ಮಜ್ಜಿಗೆಯ ಲೋಟ ಹಿಡಿದಿದ್ದವರು ಹಾಗೇ ನಿಂತರು. ಕಸ್ತೂರಿ ಒಂದು ಕ್ಷಣ ಅಜ್ಜನ ಅಂಗೈ ನೋಡಿ, ಆಯಿತು ಎಂಬಂತೆ ತಲೆಯಾಡಿಸಿ, ಮುಂದಿನ ಪ್ರಶ್ನೆ ಕೇಳಿದಳು.